ದೊಡ್ಡ ಫೈಲು, ಮೂರು ಊರು: ರೆಕಾರ್ಡಿಂಗ್ ಕಾಪಾಡಲು ಗಿಟ್-ಅನೆಕ್ಸ್ ಬಳಸುವ ಸಮಗ್ರ ಮಾರ್ಗದರ್ಶಿ

ನಾಲ್ಕು ವರ್ಷದ ಹಿಂದೆ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿಯಿಡೀ ಭಜನೆ ನಡೆಯಿತು. ಏಕತಾರಿ, ದಮ್ಮಡಿ, ತಾಳ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಿರಿಯರೊಬ್ಬರು ಬೆಳಗಿನ ಜಾವದವರೆಗೆ ಹಾಡಿದರು. ನಾನು ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಕಾರ್ಡ್ ಖಾಲಿ ಮಾಡಿದೆ. ಎಂಟು ತಿಂಗಳಲ್ಲಿ ಆ ಡಿಸ್ಕ್ ಕೆಟ್ಟಿತು. ಅಷ್ಟರಲ್ಲಿ ಹಾಡಿದವರೂ ತೀರಿಕೊಂಡಿದ್ದರು. ಅವರ ಮೊಮ್ಮಗ ಫೋನ್ ಮಾಡಿ, "ಅಣ್ಣಾ, ಮುತ್ಯಾನ ಹಾಡು ಕೊಡ್ತೀನಿ ಅಂದಿದ್ರಲ್ರೀ?" ಎಂದು ಕೇಳಿದ. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ನಾವು ಮೂವರು ಸೇರಿ ಈ ಕೆಲಸವನ್ನು ಬೇರೆ ರೀತಿಯಲ್ಲಿ ಕಟ್ಟಿಕೊಂಡೆವು. ನಾನು ಕಲಬುರಗಿಯಲ್ಲಿ, ಒಬ್ಬ ಗೆಳೆಯ ಬೀದರಿನಲ್ಲಿ, ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಶಾಲೆ ನಡೆಸುವ ಒಬ್ಬರು ಅಕ್ಕ. ಮೂವರ ಹತ್ತಿರವೂ ರೆಕಾರ್ಡಿಂಗ್ ಇವೆ. ಯಾರ ಹತ್ತಿರವೂ ದೊಡ್ಡ ಸರ್ವರ್ ಇಲ್ಲ. ಹಾಡು, ಶಾಸನದ ಫೋಟೊ, ಮದುವೆ ವಿಡಿಯೊ, ಸಿನಿಮಾ ಎಡಿಟಿಂಗ್ ಹೀಗೆ ದೊಡ್ಡ ಫೈಲುಗಳನ್ನು ಹಲವು ಊರುಗಳಲ್ಲಿ ಇಟ್ಟುಕೊಂಡು ಕೆಲಸ ಮಾಡುವ ಯಾರಿಗಾದರೂ ಈ ವಿಧಾನ ಆಗಿಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಪಕ್ಕದವರಿಗೆ ಓದಿ ಹೇಳಲು ಸುಲಭ. ಕಂಪ್ಯೂಟರಿನ ಟರ್ಮಿನಲ್ ಕಿಟಕಿಯಲ್ಲಿ ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಿರಿ.

ಬರೀ ಗಿಟ್ ಯಾಕೆ ಸಾಲದು

ಲೆಕ್ಕ ಹಾಕಿ ನೋಡೋಣ. 48 ಕಿಲೊಹರ್ಟ್ಸ್, 24 ಬಿಟ್, ಸ್ಟೀರಿಯೊ. ಈ ಮಟ್ಟದಲ್ಲಿ ರೆಕಾರ್ಡ್ ಮಾಡಿದರೆ ಸೆಕೆಂಡಿಗೆ 2,88,000 ಬೈಟ್. ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ. ಆರು ಗಂಟೆ ಭಜನೆಗೆ ಆರು ಜಿಬಿ ದಾಟುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನ ವಿಡಿಯೊ ಆದರೆ ಗಂಟೆಗೆ 45 ಜಿಬಿ.

ಗಿಟ್ ಅನ್ನು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದದ್ದು ಪ್ರೋಗ್ರಾಮ್‌ಗಳ ಕೋಡ್ ಮತ್ತು ಅದಕ್ಕೆ ಆದ ಪ್ರತಿ ಬದಲಾವಣೆಯನ್ನು ಇಟ್ಟುಕೊಳ್ಳಲು. ಕೋಡ್ ಅಂದರೆ ಪಠ್ಯ. ಒಂದು ಸಾಲು ಬದಲಾದರೆ ಅಷ್ಟೇ ವ್ಯತ್ಯಾಸವನ್ನು ಚಿಕ್ಕದಾಗಿ ಹಿಡಿದಿಡಲು ಅದಕ್ಕೆ ಬರುತ್ತದೆ. ವಿಡಿಯೊ, ಜೆಪೆಗ್ ಇವೆಲ್ಲ ಮೊದಲೇ ಹಿಂಡಿದ ಫೈಲುಗಳು. ಸ್ವಲ್ಪ ತಿದ್ದಿದರೂ ಗಿಟ್ ಮತ್ತೊಂದು ಇಡೀ ಪ್ರತಿಯನ್ನೇ ಇಟ್ಟುಕೊಳ್ಳಬೇಕಾಗುತ್ತದೆ. ಇನ್ನೊಬ್ಬರು ಕ್ಲೋನ್ ಮಾಡಿದರೆ, ಅಂದರೆ ಪೂರ್ತಿ ನಕಲು ತೆಗೆದುಕೊಂಡರೆ, ಹಳೆಯದು, ಹೊಸದು, ಅಳಿಸಿದ್ದು ಎಲ್ಲವೂ ಅವರ ಲ್ಯಾಪ್‌ಟಾಪಿಗೆ ಬಂದು ಕೂರುತ್ತದೆ. ಗಿಟ್‌ಹಬ್ ಎಂಬ ವೆಬ್‌ಸೈಟ್ ಗಿಟ್ ಫೋಲ್ಡರುಗಳನ್ನು ಇಟ್ಟುಕೊಳ್ಳುತ್ತದೆ, ಅದಂತೂ 100 ಎಂಬಿ ಮೀರಿದ ಫೈಲನ್ನು ಒಳಗೇ ಬಿಡುವುದಿಲ್ಲ.

ಗಿಟ್ ಎಲ್‌ಎಫ್‌ಎಸ್ ಎಂಬ ಇನ್ನೊಂದು ದಾರಿ ಇದೆ, ದೊಡ್ಡ ಫೈಲುಗಳನ್ನು ಬೇರೆ ಸರ್ವರಿನಲ್ಲಿ ಇಡುವುದು. ಚೆನ್ನಾಗಿದೆ, ಕಲಿಯುವುದೂ ಸುಲಭ. ಎಲ್ಲರಿಗೂ ಒಂದೇ ಸರ್ವರ್ ಇರುವ, ಜೋರು ಇಂಟರ್ನೆಟ್ ಇರುವ ಕಚೇರಿಗೆ ನಾನು ಅದನ್ನೇ ಹೇಳುತ್ತೇನೆ. ನಮ್ಮ ಪರಿಸ್ಥಿತಿ ಬೇರೆ. ಅಪ್‌ಲೋಡ್ ವೇಗ 10 ಮೆಗಾಬಿಟ್ ಸಿಕ್ಕರೂ ಆ 45 ಜಿಬಿ ಹೋಗಲು ಸರಿಯಾಗಿ 10 ಗಂಟೆ ಬೇಕು, ಅದೂ ನಡುವೆ ಕರೆಂಟ್ ಹೋಗದಿದ್ದರೆ. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಪೂರ್ತಿಯಾಗಿದೆ. ಚೀಲದಲ್ಲಿ ಡಿಸ್ಕ್ ಇಟ್ಟುಕೊಂಡು ರೈಲು ಹತ್ತಿದರೆ ಅದಕ್ಕಿಂತ ಬಹಳ ಮೊದಲೇ ಮುಟ್ಟುತ್ತೇವೆ. ಹಾಗಾಗಿ ಡಿಸ್ಕ್ ಒಯ್ದು ಕೊಡುವುದನ್ನೂ ಸರಿಯಾದ ಸಿಂಕ್ (ಎರಡು ಕಡೆಯ ಫೈಲುಗಳನ್ನು ಹೊಂದಿಸುವುದು) ಎಂದು ಒಪ್ಪುವ ಸಲಕರಣೆ ಬೇಕಿತ್ತು. ಅದು ಗಿಟ್-ಅನೆಕ್ಸ್. ಜೋಯಿ ಹೆಸ್ ಎಂಬುವರು 2010ರಲ್ಲಿ ಶುರುಮಾಡಿದ, ಗಿಟ್ ಜೊತೆ ಸೇರಿ ಕೆಲಸ ಮಾಡುವ ಮುಕ್ತ ತಂತ್ರಾಂಶ.

ಚೀಟಿ ಬೇರೆ, ಮಾಲು ಬೇರೆ

ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ನಮ್ಮ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ವ್ಯವಹಾರ ನೋಡಿದ್ದೀರಲ್ವಾ? ವ್ಯಾಪಾರಿಯ ಜೇಬಿನಲ್ಲಿ ಇರುವುದು ಚೀಟಿ. ಯಾವ ಗೋದಾಮಿನಲ್ಲಿ ಎಷ್ಟು ಚೀಲ ಅಂತ ಅದರಲ್ಲಿ ಬರೆದಿರುತ್ತದೆ. ಮಾಲು ಗೋದಾಮಿನಲ್ಲೇ ಇರುತ್ತದೆ. ಚೀಟಿ ಊರೆಲ್ಲ ಸುತ್ತುತ್ತದೆ, ಬೇಕಾದಾಗ ಮಾತ್ರ ಮಾಲು ಅಲುಗುತ್ತದೆ.

ಗಿಟ್-ಅನೆಕ್ಸ್ ಮಾಡುವುದೂ ಇದನ್ನೇ. ಫೈಲನ್ನು ಸೇರಿಸಿದ ಕೂಡಲೇ ಅದರ ಡೇಟಾವನ್ನು, ಅಂದರೆ ಮಾಲನ್ನು, ರೆಪೊದ (ಗಿಟ್ ನೋಡಿಕೊಳ್ಳುವ ಫೋಲ್ಡರಿನ) ಒಳಗಿನ ಒಂದು ಗೋದಾಮಿಗೆ ಸಾಗಿಸುತ್ತದೆ. ಫೈಲು ಇದ್ದ ಜಾಗದಲ್ಲಿ ಒಂದು ಸಿಮ್‌ಲಿಂಕ್ ಇಡುತ್ತದೆ, ಅಂದರೆ ಮಾಲು ಎಲ್ಲಿದೆ ಎಂದು ತೋರಿಸುವ ಕೊಂಡಿ. ಅದೇ ಚೀಟಿ. ಚೀಟಿಯ ಮೇಲೆ ಡೇಟಾದಿಂದಲೇ ಲೆಕ್ಕ ಹಾಕಿದ ಎಸ್‌ಎಚ್‌ಎ-256 ಗುರುತು ಇರುತ್ತದೆ. ಹಾಡಿನಲ್ಲಿ ಒಂದು ಬಿಟ್ ಬದಲಾದರೂ ಈ ಗುರುತು ತಾಳೆಯಾಗದು. ಗಿಟ್ ಹೊತ್ತು ತಿರುಗುವುದು ಚೀಟಿಗಳನ್ನು ಮಾತ್ರ. ಯಾವ ಮಾಲು ಯಾವ ಯಾವ ಊರಿನಲ್ಲಿದೆ ಎಂಬ ಖಾತೆಪುಸ್ತಕವೂ ಅದೇ ರೆಪೊದಲ್ಲಿ ಬೇರೆ ಬ್ರಾಂಚಿನಲ್ಲಿ (ಕವಲಿನಲ್ಲಿ) ಕೂತಿರುತ್ತದೆ.

ಚಿತ್ತಾಪುರದ ಹತ್ತಿರ ನಾಗಾವಿ ಇದೆಯಲ್ಲ, ಅಲ್ಲಿನ 1058ರ ಶಾಸನದಲ್ಲಿ ಘಟಿಕಾಸ್ಥಾನದ (ಆ ಕಾಲದ ವಿದ್ಯಾಕೇಂದ್ರದ) ಆರು ಮಂದಿ ಸರಸ್ವತೀ ಭಂಡಾರಿಗರ ಮಾತು ಬರುತ್ತದೆ. ಗ್ರಂಥ ನೋಡಿಕೊಳ್ಳಲೆಂದೇ ಆರು ಜನ! ಆ ಖಾತೆಪುಸ್ತಕ ತೆರೆದಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಮೊದಲ ಲ್ಯಾಪ್‌ಟಾಪ್ ಸಿದ್ಧ ಮಾಡುವುದು

ಉಬುಂಟು ಅಥವಾ ಡೆಬಿಯನ್ ಇದ್ದರೆ ಒಂದು ಸಾಲು ಸಾಕು:

ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಗಿಟ್-ಅನೆಕ್ಸ್

ಮ್ಯಾಕ್‌ನಲ್ಲೂ ಓಡುತ್ತದೆ. ವಿಂಡೋಸ್‌ಗೂ ಸಿಗುತ್ತದೆ, ಆದರೆ ಅಲ್ಲಿ ಅದಿನ್ನೂ ಬೀಟಾ, ಅಂದರೆ ಪರೀಕ್ಷೆಯ ಹಂತದಲ್ಲಿದೆ. ಅಮೂಲ್ಯ ಫೈಲುಗಳಿಗೆ ಲಿನಕ್ಸ್ ಬಳಸಿ ಅಂತಲೇ ನನ್ನ ಸಲಹೆ.

ಈಗ 'ಹಾಡು' ಎಂಬ ಫೋಲ್ಡರ್ ಮಾಡಿ, ಒಳಗೆ ಹೋಗಿ:

ಗಿಟ್ ಇನಿಟ್
ಗಿಟ್ ಅನೆಕ್ಸ್ ಇನಿಟ್ "ಕಲಬುರಗಿ ಲ್ಯಾಪ್‌ಟಾಪ್"

ಆ ಹೆಸರನ್ನು ಯೋಚಿಸಿ ಇಡಿ. ಮುಂದೆ ಖಾತೆಪುಸ್ತಕದಲ್ಲಿ ಕಾಣುವುದು ಇದೇ. "ನನ್ನದು", "ಹೊಸದು" ಅಂತ ಇಟ್ಟರೆ ಒಂದು ವರ್ಷದ ನಂತರ ಯಾರಿಗೂ ಅರ್ಥವಾಗದು. ಊರು ಮತ್ತು ವಸ್ತು ಎರಡೂ ಇರಲಿ.

ಎಲ್ಲಾ ಫೈಲೂ ಅನೆಕ್ಸಿಗೆ ಹೋಗಬಾರದು. ಹಾಡಿನ ಸಾಹಿತ್ಯ, ಯಾರು ಹಾಡಿದರು, ಯಾವ ಊರು, ಯಾವ ದಿನ ಇಂಥ ಟಿಪ್ಪಣಿಗಳು ಚಿಕ್ಕ ಪಠ್ಯ. ಅವು ಮಾಮೂಲಿ ಗಿಟ್‌ನಲ್ಲೇ ಇರಲಿ, ತಿದ್ದಿದ್ದೆಲ್ಲ ಸಾಲು ಸಾಲಾಗಿ ಕಾಣುತ್ತದೆ. ಅದಕ್ಕೆ:

ಗಿಟ್ ಅನೆಕ್ಸ್ ಕಾನ್ಫಿಗ್ --ಸೆಟ್ ಅನೆಕ್ಸ್.ಲಾರ್ಜ್‌ಫೈಲ್ಸ್ ಲಾರ್ಜರ್‌ದ್ಯಾನ್=100ಕೆಬಿ

100 ಕೆಬಿಗಿಂತ ದೊಡ್ಡದು ಅನೆಕ್ಸಿಗೆ, ಚಿಕ್ಕದು ಗಿಟ್‌ಗೆ. ಈ ನಿಯಮ ರೆಪೊದಲ್ಲೇ ಉಳಿಯುವುದರಿಂದ ಬೀದರಿನಲ್ಲಿ ಮತ್ತೆ ಹೇಳಬೇಕಿಲ್ಲ.

ಇನ್ನೊಂದು:

ಗಿಟ್ ಅನೆಕ್ಸ್ ನಮ್‌ಕಾಪೀಸ್ 2

ಯಾವ ಫೈಲಿಗೂ ಎರಡು ಪ್ರತಿಗಿಂತ ಕಡಿಮೆ ಆಗಲು ಬಿಡಬೇಡ ಎಂಬ ಕಟ್ಟಪ್ಪಣೆ ಇದು. ಸುಮ್ನೆ ಬಿಟ್ಟರೆ ಒಂದೇ ಪ್ರತಿ ಸಾಕು ಅಂದುಕೊಳ್ಳುತ್ತದೆ. ಒಂದೇ ಪ್ರತಿ ಇಟ್ಟುಕೊಂಡು ನಾನು ಏನು ಕಳೆದುಕೊಂಡೆ ಅಂತ ಹೇಳಿದೆನಲ್ಲ. ದಯವಿಟ್ಟು ಈ ಸಾಲು ಬಿಡಬೇಡಿ.

ಕನ್ನಡ ಹೆಸರಿನ ಫೈಲುಗಳು

ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು. ಮೂರು ವಿಷಯ ಗೊತ್ತಿದ್ದರೆ ಸಾಕು. ಗಿಟ್ ಸ್ಟೇಟಸ್ ನೋಡಿದಾಗ ಹೆಸರಿನ ಜಾಗದಲ್ಲಿ \340\262 ಅಂತ ಅಂಕಿಗಳ ಸಾಲು ಕಂಡರೆ ಗಾಬರಿಯಾಗಬೇಡಿ, ಫೈಲು ಹಾಳಾಗಿಲ್ಲ. ಇದನ್ನು ಒಮ್ಮೆ ಹೊಡೆಯಿರಿ, ಅಕ್ಷರಗಳು ಬರುತ್ತವೆ:

ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್

ಹೆಸರು ಬಹಳ ಉದ್ದ ಬೇಡ. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಒತ್ತು, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತ. ಅಂದರೆ 85 ಸಂಕೇತಕ್ಕೆ ಮುಗಿಯಿತು. 'ಕಡಕೋಳ' ಬರೆಯಲೇ ಐದು ಸಂಕೇತ ಹೋಗುತ್ತದೆ. ತತ್ವಪದದ ಪೂರ್ತಿ ಮೊದಲ ಸಾಲನ್ನು ಹೆಸರಾಗಿ ಇಡಲು ಹೋದರೆ ಸಾಲದೆ ಬರಬಹುದು.

ಮೂರನೆಯದು ಸ್ವಲ್ಪ ಸೂಕ್ಷ್ಮ. 'ಕೊ', 'ಕೋ', 'ಕೀ' ಇವುಗಳ ಗುಣಿತವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಿಟ್‌ಗೆ ಎರಡೂ ಬೇರೆ. ಲಿನಕ್ಸ್ ಮತ್ತು ಹಳೆಯ ಮ್ಯಾಕ್ ನಡುವೆ ಫೈಲು ಓಡಾಡಿದರೆ ಒಂದೇ ಹೆಸರಿನ ಎರಡು ಫೈಲು ಕಾಣುವುದು ಇದರಿಂದಲೇ. ನಾವು ಕೊನೆಗೆ ತಾರೀಖು ಮತ್ತು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಫೈಲಿಗೆ ಇಟ್ಟು, ಕನ್ನಡದ ವಿವರವನ್ನೆಲ್ಲ ಟಿಪ್ಪಣಿಯ ಒಳಗೆ ಬರೆಯತೊಡಗಿದೆವು.

ಹಾಡುಗಳನ್ನು ಸೇರಿಸುವುದು

ರೆಕಾರ್ಡರಿನ ಕಾರ್ಡಿನಿಂದ ಫೈಲುಗಳನ್ನು ಫೋಲ್ಡರಿಗೆ ನಕಲು ಮಾಡಿ. ಆಮೇಲೆ ಅನೆಕ್ಸಿಗೆ ಸೇರಿಸಿ, ಸೇರಿಸಿದ್ದನ್ನು ಗಿಟ್‌ನಲ್ಲಿ ದಾಖಲಿಸಿ:

ಗಿಟ್ ಅನೆಕ್ಸ್ ಆ್ಯಡ್ .
ಗಿಟ್ ಕಮಿಟ್ -ಎಂ "ಜೇವರ್ಗಿ ಭಜನೆ"

ಕಾರ್ಡನ್ನು ಈಗಲೇ ಖಾಲಿ ಮಾಡಬೇಡಿ. ಎರಡನೇ ಪ್ರತಿ ಡಿಸ್ಕಿಗೆ ಹೋದ ಮೇಲೆಯೇ ಮಾಡಿ.

ಡಿಸ್ಕ್ ಸಿದ್ಧ ಮಾಡುವುದು

ಊರೂರು ತಿರುಗುವ ಡಿಸ್ಕಿನಲ್ಲಿ 'ಬೇರ್' ರೆಪೊ ಇಡಿ. ಅಂದರೆ ಕೆಲಸದ ಫೋಲ್ಡರ್ ಇಲ್ಲದ, ಬರೀ ಗೋದಾಮು ಮತ್ತು ಖಾತೆಪುಸ್ತಕ ಇರುವ ರೆಪೊ. ಇದಕ್ಕೆ ಕಾರಣವಿದೆ. ಅಂಗಡಿಯಿಂದ ತಂದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರುತ್ತದೆ. ಎಕ್ಸ್‌ಫ್ಯಾಟ್‌ಗೆ ಸಿಮ್‌ಲಿಂಕ್ ಗೊತ್ತಿಲ್ಲ. ಅಲ್ಲಿ ಮಾಮೂಲಿ ರೆಪೊ ಮಾಡಿದರೆ ಗಿಟ್-ಅನೆಕ್ಸ್ ಹೇಗೋ ಹೊಂದಿಕೊಳ್ಳುತ್ತದೆ, ಆದರೆ ಪ್ರತಿ ಫೈಲಿಗೂ ಎರಡರಷ್ಟು ಜಾಗ ತಿನ್ನುತ್ತದೆ. ಬೇರ್ ಆದರೆ ಈ ತಾಪತ್ರಯ ಇಲ್ಲ. ಹಳೆಯ ಫ್ಯಾಟ್32 ಇರುವ ಡಿಸ್ಕ್ ಮಾತ್ರ ಬಳಸಲೇಬೇಡಿ, ಅದರಲ್ಲಿ 4 ಜಿಬಿ ಮುಟ್ಟಿದ ಫೈಲು ಹಿಡಿಸುವುದಿಲ್ಲ.

ಮೂರೂ ಕಡೆ ಲಿನಕ್ಸ್ ಇದ್ದರೆ ಡಿಸ್ಕನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ನಾವು ಹಾಗೇ ಮಾಡಿದ್ದೇವೆ.

ಗಿಟ್ ಕ್ಲೋನ್ --ಬೇರ್ ಎಂದು ಬರೆದು, ಲ್ಯಾಪ್‌ಟಾಪಿನ ಫೋಲ್ಡರಿನ ದಾರಿ (ಪಾತ್), ಆಮೇಲೆ ಡಿಸ್ಕಿನ ದಾರಿ ಕೊಡಿ. ಡಿಸ್ಕಿನ ಒಳಗೆ ಹೋಗಿ:

ಗಿಟ್ ಅನೆಕ್ಸ್ ಇನಿಟ್ "ಕರಿ ಡಿಸ್ಕ್"
ಗಿಟ್ ರಿಮೋಟ್ ರಿಮೂವ್ ಒರಿಜಿನ್

ಎರಡನೇ ಸಾಲು ಯಾಕೆಂದರೆ, ಡಿಸ್ಕ್ ಬೀದರಿಗೆ ಹೋದಾಗ ನನ್ನ ಲ್ಯಾಪ್‌ಟಾಪಿನ ದಾರಿ ಅಲ್ಲಿ ಇರುವುದಿಲ್ಲ. ಡಿಸ್ಕಿಗೆ ಯಾರ ವಿಳಾಸವೂ ಬೇಡ, ಲ್ಯಾಪ್‌ಟಾಪುಗಳಿಗೆ ಡಿಸ್ಕಿನ ವಿಳಾಸ ಗೊತ್ತಿದ್ದರೆ ಆಯಿತು. ಮತ್ತೆ ಲ್ಯಾಪ್‌ಟಾಪಿನ ಫೋಲ್ಡರಿಗೆ ಬಂದು 'ಗಿಟ್ ರಿಮೋಟ್ ಆ್ಯಡ್ ಕರಿಡಿಸ್ಕ್' ಎಂದು ಹೊಡೆದು ಡಿಸ್ಕಿನ ದಾರಿ ಸೇರಿಸಿ. ನಂತರ:

ಗಿಟ್ ಅನೆಕ್ಸ್ ಸಿಂಕ್ --ಕಂಟೆಂಟ್

ಚೀಟಿ, ಖಾತೆ, ಮಾಲು ಮೂರೂ ಹೋಗುತ್ತವೆ. ಬರೀ 'ಸಿಂಕ್' ಅಂದರೆ ಚೀಟಿ ಮತ್ತು ಖಾತೆ ಮಾತ್ರ ಹೋಗಿ ಮಾಲು ಉಳಿದುಬಿಡಬಹುದು, ಹಾಗಾಗಿ 'ಕಂಟೆಂಟ್' ಮರೆಯಬೇಡಿ. ನಡುವೆ ಕರೆಂಟ್ ಹೋದರೆ ಅದೇ ಆಜ್ಞೆ ಮತ್ತೆ ಹೊಡೆಯಿರಿ. ಆಗಲೇ ಮುಟ್ಟಿದ ಫೈಲುಗಳನ್ನು ಮತ್ತೆ ಕಳಿಸುವುದಿಲ್ಲ.

ಇದೇ ರೀತಿ "ಕೆಂಪು ಡಿಸ್ಕ್" ಅಂತ ಇನ್ನೊಂದು ಮಾಡಿ. ಒಂದು ತಿರುಗಲಿ, ಒಂದು ಮನೆಯಲ್ಲಿರಲಿ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, ನಿಲ್ಲಿಸಿದ ಕಾರಿನೊಳಗೆ ಡಿಸ್ಕ್ ಬಿಟ್ಟು ಹೋಗಬೇಡಿ.

ಬೀದರಿನಲ್ಲಿ, ಶಹಾಪುರದಲ್ಲಿ

ಡಿಸ್ಕ್ ಚುಚ್ಚಿ, ಅದರಿಂದ ಲ್ಯಾಪ್‌ಟಾಪಿಗೆ ಗಿಟ್ ಕ್ಲೋನ್ ಮಾಡಿ, "ಬೀದರ್ ಲ್ಯಾಪ್‌ಟಾಪ್" ಎಂದು ಅನೆಕ್ಸ್ ಇನಿಟ್ ಮಾಡಿದರೆ ಮುಗಿಯಿತು. ಕ್ಲೋನ್ ಕೆಲವೇ ಕ್ಷಣದಲ್ಲಿ ಆಗುತ್ತದೆ, ಬಂದದ್ದು ಚೀಟಿ ಮಾತ್ರ.

ಡಿಸ್ಕ್ ಚುಚ್ಚಿದಾಗ ಗಿಟ್ 'ಡೂಬಿಯಸ್ ಓನರ್‌ಶಿಪ್' ಎಂದು ತಕರಾರು ಮಾಡಿದರೆ, ಆ ಫೋಲ್ಡರಿನ ಮಾಲೀಕ ಬೇರೆ ಬಳಕೆದಾರ ಅಂತ ಅರ್ಥ. 2022ರಿಂದ ಗಿಟ್ ಸುರಕ್ಷತೆಗಾಗಿ ಹೀಗೆ ಕೇಳುತ್ತದೆ. ಅದು ಅಲ್ಲೇ ತೋರಿಸುವ 'ಸೇಫ್.ಡೈರೆಕ್ಟರಿ' ಸಾಲನ್ನು ಹಾಗೇ ಹೊಡೆದರೆ ಒಪ್ಪಿಕೊಳ್ಳುತ್ತದೆ.

ಶಹಾಪುರದ ಅಕ್ಕ ಮೊದಲ ದಿನವೇ ಫೋನ್ ಮಾಡಿದರು. "ತಮ್ಮಾ, ಹೆಸರು ಎಲ್ಲಾ ಅದಾವ, ಒತ್ತಿದ್ರ ಹಾಡು ಬರವಲ್ದು." ಚೀಟಿ ಇದೆ, ಮಾಲು ಇನ್ನೂ ಬಂದಿಲ್ಲ, ಅಷ್ಟೇ. ಹೊಸದಾಗಿ ಸೇರುವ ಎಲ್ಲರಿಗೂ ಇದೇ ಅನುಮಾನ ಬರುತ್ತದೆ. ಬೇಕಾದ ಹಾಡನ್ನು ಹೀಗೆ ತರಿಸಿಕೊಳ್ಳಬೇಕು:

ಗಿಟ್ ಅನೆಕ್ಸ್ ಗೆಟ್ ಯಾದಗಿರಿ/ಶಿರವಾಳ

ಒಂದು ಫೋಲ್ಡರಿನ ಮಾಲು ಮಾತ್ರ ಬರುತ್ತದೆ. ಯಾವುದು ಎಲ್ಲಿದೆ ಅಂತ ತಿಳಿಯಲು 'ಗಿಟ್ ಅನೆಕ್ಸ್ ವೇರ್‌ಈಸ್' ಮತ್ತು ಫೈಲಿನ ಹೆಸರು. "ಕರಿ ಡಿಸ್ಕ್, ಕಲಬುರಗಿ ಲ್ಯಾಪ್‌ಟಾಪ್" ಎಂದು ಪಟ್ಟಿ ಕೊಡುತ್ತದೆ. ಡಿಸ್ಕ್ ಎದುರಿಗಿಲ್ಲದಿದ್ದರೂ ಈ ಉತ್ತರ ಸಿಗುತ್ತದೆ, ಖಾತೆಪುಸ್ತಕ ನಿಮ್ಮ ಹತ್ತಿರವೇ ಇದೆಯಲ್ಲ.

ಅಕ್ಕನ ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ. 'ಸಿಂಕ್ --ಕಂಟೆಂಟ್' ಮಾಡಿದರೆ ಎಲ್ಲಾ ಮಾಲೂ ಬಂದು ತುಂಬುತ್ತದೆ. ಅದಕ್ಕೆ ಅಲ್ಲಿ ಹೀಗೆ ಹೇಳಿದ್ದೇವೆ:

ಗಿಟ್ ಅನೆಕ್ಸ್ ವಾಂಟೆಡ್ . "ಇನ್‌ಕ್ಲೂಡ್=ಯಾದಗಿರಿ/* ಆರ್ ಪ್ರೆಸೆಂಟ್"

ಯಾದಗಿರಿ ಫೋಲ್ಡರಿನದು ತಾನಾಗಿ ಬರಲಿ, ಉಳಿದದ್ದರಲ್ಲಿ ಈಗಾಗಲೇ ಇರುವುದು ಇರಲಿ, ಹೊಸದು ಬೇಡ ಎಂದರ್ಥ. ಆ 'ಪ್ರೆಸೆಂಟ್' ಪದ ಬಹಳ ಮುಖ್ಯ. ಅದಿಲ್ಲದಿದ್ದರೆ ಬೇಡವಾದದ್ದನ್ನು ಸಿಂಕ್ ತಾನೇ ತೆಗೆದು ಹಾಕುತ್ತದೆ. ಬೇರೆ ಕಡೆ ಎರಡು ಪ್ರತಿ ಇವೆ ಅಂತ ಖಚಿತ ಮಾಡಿಕೊಂಡೇ ತೆಗೆಯುತ್ತದೆ, ಆದರೂ ಕಲಿಯುವ ದಿನಗಳಲ್ಲಿ ಫೈಲು ತಾನಾಗಿ ಮಾಯವಾದರೆ ಜೀವ ಹಾರಿಹೋಗುತ್ತದೆ.

ಡಿಸ್ಕ್ ಬರುವವರೆಗೆ ಕಾಯದೆ ಖಾತೆಯನ್ನಾದರೂ ಹೊಂದಿಸಿಕೊಳ್ಳಬೇಕಾ? ಗಿಟ್‌ಹಬ್‌ನಂಥ ಕಡೆ ಒಂದು ಖಾಸಗಿ ರೆಪೊ ಮಾಡಿ, ಮೂವರೂ ಅದನ್ನು ರಿಮೋಟ್ ಆಗಿ ಸೇರಿಸಿಕೊಳ್ಳಿ. ಮಾಲು ಅಲ್ಲಿಗೆ ಹೋಗುವುದಿಲ್ಲ. ಚೀಟಿ, ಖಾತೆ, ಟಿಪ್ಪಣಿ ಮಾತ್ರ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಆಗುವಷ್ಟು ಚಿಕ್ಕದು.

ಜಾಗ ಖಾಲಿ ಮಾಡುವುದು

ಲ್ಯಾಪ್‌ಟಾಪ್ ತುಂಬಿದಾಗ 'ಡಿಲೀಟ್' ಒತ್ತಬೇಡಿ. ಒತ್ತಿದರೆ ಹೋಗುವುದು ಚೀಟಿ, ಮಾಲು ಅಲ್ಲೇ ಜಾಗ ಹಿಡಿದು ಕೂತಿರುತ್ತದೆ. ಅಕಸ್ಮಾತ್ ಯಾರಾದರೂ ಒತ್ತಿದ್ದರೆ ಗಿಟ್ ಚೆಕ್ಔಟ್‌ನಿಂದ ಚೀಟಿ ವಾಪಸ್ ತರಬಹುದು. ಸರಿಯಾದ ದಾರಿ:

ಗಿಟ್ ಅನೆಕ್ಸ್ ಡ್ರಾಪ್ ಬೀದರ್/ಮೊಹರಂ

ಇಲ್ಲಿ ಗಿಟ್-ಅನೆಕ್ಸ್‌ನ ನಿಜವಾದ ಗುಣ ಗೊತ್ತಾಗುತ್ತದೆ. ಖಾತೆಯಲ್ಲಿ ಬರೆದಿದೆ ಅಂತ ಅದು ನಂಬುವುದಿಲ್ಲ. ಬೇರೆ ಎರಡು ಪ್ರತಿಗಳು ಈಗ, ಈ ಕ್ಷಣ ಅಲ್ಲಿವೆಯಾ ಅಂತ ತಾನೇ ಹೋಗಿ ನೋಡುತ್ತದೆ. ನೋಡಲಾಗದಿದ್ದರೆ ಅಳಿಸಲು ಒಪ್ಪುವುದಿಲ್ಲ. ಆದ್ದರಿಂದ ಡ್ರಾಪ್ ಮಾಡುವಾಗ ಕರಿ ಡಿಸ್ಕ್, ಕೆಂಪು ಡಿಸ್ಕ್ ಎರಡನ್ನೂ ಚುಚ್ಚಿಟ್ಟುಕೊಳ್ಳಿ. '--ಫೋರ್ಸ್' ಹಾಕಿದರೆ ಒಪ್ಪಿಬಿಡುತ್ತದೆ. ನಮ್ಮ ಮೂವರ ನಡುವೆ ಆ ಪದ ಬಳಸಬಾರದು ಅಂತ ಒಪ್ಪಂದವಿದೆ. 'ಟ್ರಸ್ಟ್' ಎಂಬ ಇನ್ನೊಂದು ಆಜ್ಞೆಯೂ ಇದೆ, ಈ ಡಿಸ್ಕನ್ನು ನೋಡದೆಯೂ ನಂಬು ಅಂತ. ಯಾವ ಹಾರ್ಡ್ ಡಿಸ್ಕಿಗೂ ಆ ಮರ್ಯಾದೆ ಕೊಡಬೇಡಿ.

ತಿದ್ದುವುದು

ಅನೆಕ್ಸಿಗೆ ಹೋದ ಫೈಲು ಓದಲು ಮಾತ್ರ. ತಿದ್ದಲೇಬೇಕೆಂದರೆ 'ಗಿಟ್ ಅನೆಕ್ಸ್ ಅನ್‌ಲಾಕ್' ಮಾಡಿ, ತಿದ್ದಿ, ಮತ್ತೆ ಆ್ಯಡ್ ಮಾಡಿ. ಮೂಲ ರೆಕಾರ್ಡಿಂಗ್ ಮುಟ್ಟದೆ, ಕತ್ತರಿಸಿದ್ದನ್ನು ಹೊಸ ಹೆಸರಿನಲ್ಲಿ ಇಡಿ ಅಂತ ನಾನು ಹೇಳುತ್ತೇನೆ. ಇಬ್ಬರು ಬೇರೆ ಬೇರೆ ಊರಿನಲ್ಲಿ ಒಂದೇ ಫೈಲು ತಿದ್ದಿದ್ದರೆ ಸಿಂಕ್ ಯಾರದನ್ನೂ ಬಿಸಾಡುವುದಿಲ್ಲ. ಹೆಸರಿನಲ್ಲಿ 'ವೇರಿಯಂಟ್' ಎಂದು ಸೇರಿಸಿ ಎರಡನ್ನೂ ಇಡುತ್ತದೆ. ಕೇಳಿ ನೋಡಿ ಆರಿಸಿಕೊಳ್ಳಬಹುದು.

ತಿಂಗಳಿಗೊಮ್ಮೆ ಪರೀಕ್ಷೆ

ಡಿಸ್ಕ್ ಏಕಾಏಕಿ ಸಾಯುವುದು ಒಂದು ಥರ. ಸದ್ದಿಲ್ಲದೆ ಒಂದೊಂದೇ ಫೈಲು ಕೊಳೆಯುವುದು ಇನ್ನೊಂದು ಥರ. ಎರಡನೆಯದು ಜಾಸ್ತಿ ಅಪಾಯ, ಯಾಕೆಂದರೆ ಕೆಟ್ಟದ್ದನ್ನೇ ನಕಲು ಮಾಡುತ್ತಾ ಹೋಗುತ್ತೇವೆ. ಡಿಸ್ಕಿನ ಫೋಲ್ಡರಿಗೇ ಹೋಗಿ ಹೊಡೆಯಿರಿ:

ಗಿಟ್ ಅನೆಕ್ಸ್ ಎಫ್‌ಎಸ್‌ಸಿಕೆ

ಪ್ರತಿ ಫೈಲನ್ನೂ ಓದಿ, ಗುರುತು ಲೆಕ್ಕ ಹಾಕಿ, ಚೀಟಿಯ ಜೊತೆ ತಾಳೆ ನೋಡುತ್ತದೆ. ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕಿನಲ್ಲಿ 500 ಜಿಬಿ ಇದ್ದರೆ ಸುಮಾರು ಒಂದೂವರೆ ಗಂಟೆ. ಅಷ್ಟು ಹೊತ್ತು ಕರೆಂಟ್ ನಿಲ್ಲುವ ಭರವಸೆ ಇಲ್ಲದಿದ್ದರೆ '--ಇನ್‌ಕ್ರಿಮೆಂಟಲ್' ಸೇರಿಸಿ ಶುರುಮಾಡಿ, ನಿಂತರೆ '--ಮೋರ್' ಹಾಕಿ ಮುಂದುವರಿಸಿ. '--ಫಾಸ್ಟ್' ಹಾಕಬೇಡಿ, ಅದು ಗುರುತು ತಾಳೆ ನೋಡುವುದೇ ಇಲ್ಲ.

ಕೆಟ್ಟ ಫೈಲು ಸಿಕ್ಕರೆ ಅದನ್ನು ಬೇರೆ ಕಡೆ ಎತ್ತಿಟ್ಟು, ಈ ಡಿಸ್ಕಿನಲ್ಲಿ ಈ ಮಾಲು ಇಲ್ಲ ಎಂದು ಖಾತೆಯಲ್ಲಿ ಬರೆದುಕೊಳ್ಳುತ್ತದೆ. ಒಳ್ಳೆಯ ಪ್ರತಿ ಇರುವ ಲ್ಯಾಪ್‌ಟಾಪಿನಿಂದ ಮತ್ತೆ ಸಿಂಕ್ ಮಾಡಿದರೆ ಜಾಗ ತುಂಬುತ್ತದೆ. ಡಿಸ್ಕೇ ಪೂರ್ತಿ ಹೋದರೆ 'ಗಿಟ್ ಅನೆಕ್ಸ್ ಡೆಡ್ ಕರಿಡಿಸ್ಕ್' ಎಂದು ಹೇಳಿ, ಹೊಸದನ್ನು ಬೇರೆ ಹೆಸರಿನಲ್ಲಿ ಸಿದ್ಧ ಮಾಡಿ.

ಹಾಡಿದವರ ಮನೆಗೆ ಕೊಡುವುದು

ಪೆನ್ ಡ್ರೈವಿಗೆ ಫೋಲ್ಡರನ್ನು ಎಳೆದು ಹಾಕಿದರೆ ಹಲವು ಸಲ ಚೀಟಿ ಮಾತ್ರ ಹೋಗುತ್ತದೆ, ಇಲ್ಲವೇ ನಕಲೇ ಆಗುವುದಿಲ್ಲ. ಮೊದಲು 'ಗೆಟ್' ಮಾಡಿ ಮಾಲು ತರಿಸಿಕೊಳ್ಳಿ. ಆಮೇಲೆ 'ಸಿಪಿ -ಆರ್ -ಎಲ್' ಬಳಸಿ ನಕಲು ಮಾಡಿ. ಈ ಎಲ್ ಮಾತ್ರ ದೊಡ್ಡಕ್ಷರ. ಅದು ಚೀಟಿ ಹಿಡಿದು ಹೋಗಿ ಮಾಲನ್ನೇ ತರುತ್ತದೆ. ಫೋನಿನಲ್ಲಿ ಕೇಳುವವರಿಗೆ ಎಂಪಿ3 ಮಾಡಿ ಕೊಟ್ಟರೂ, ಮೂಲ ಫೈಲನ್ನೂ ಅದೇ ಪೆನ್ ಡ್ರೈವಿನಲ್ಲಿ ಹಾಕಿ. ಪೆನ್ ಡ್ರೈವ್ ಕೈಗೆ ಕೊಡುವ ಮೊದಲು ಅಲ್ಲೇ ಚುಚ್ಚಿ, ಹಾಡು ಶುರುವಾಗುವವರೆಗೆ ಕೇಳಿಸಿ.